ಎಡಗೈಯಲ್ಲಿ ಉಂಡ ಲೋಕ

ಅಚ್ಚುಕೂಟದ ಕೆಲಸಕ್ಕೆ ಹೊಸದಾಗಿ ಸೇರಿದ ನಾಲ್ಕಾರು ಮಂದಿ ಮೊನ್ನೆ ನನ್ನ ಜಗಲಿಗೆ ಬಂದು, "ನಿಮ್ಮ ಕಾಲದಗೆ ಕೆಲ್ಸ ಹ್ಯಾಂಗಿತ್ತ್, ಹೇಳಿ" ಎಂದು ಕುಳಿತರು. ಹೇಳಲು ಹೊರಟರೆ ಕೆಮ್ಮು ಬರುತ್ತದೆ, ಬರೆದರೆ ಬರುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಬಡ್ತಿಯ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಮೂವತ್ತೆಂಟು ವರ್ಷಗಳ ಸೇವೆಯಲ್ಲಿ ನನಗೆ ದೊರೆತದ್ದು ಒಂದೇ ಬಡ್ತಿ: ಮಳೆಗಾಲದಲ್ಲಿ ಸೋರುವ ಮೂಲೆಯಿಂದ ಸೋರದ ಮೂಲೆಗೆ. ಅದೂ ಯೋಗ್ಯತೆಯಿಂದಲ್ಲ. ಅಲ್ಲಿ ಕೂರುತ್ತಿದ್ದವನು ಬೊಂಬಾಯಿಗೆ ಹೋದ, ಅಷ್ಟೆ.

ನಾನು ಬ್ರಹ್ಮಾವರದವನು. ಕುಂದಾಪುರದ ಪೇಟೆಯಲ್ಲಿದ್ದ ಒಂದು ಸಣ್ಣ ಅಚ್ಚುಕೂಟಕ್ಕೆ ಸೀಸದ ಅಕ್ಷರಮೊಳೆ ಜೋಡಿಸಲು ಸೇರಿದ್ದು ಎರಡನೆಯ ಮಹಾಯುದ್ಧ ಶುರುವಾದ ಹೊಸತರಲ್ಲಿ. ಕಾಲಲ್ಲಿ ತುಳಿಯುವ ಒಂದು ಟ್ರೆಡಲ್ ಯಂತ್ರ, ಎರಡು ಅಳತೆಯ ಮೊಳೆ, ಮೂರು ಜನ. ಯಜಮಾನರು ಪುಂಡಲೀಕ ಶೆಣೈಯವರು. ಅವರಿಗೆ ಎರಡು ನಂಬಿಕೆಗಳಿದ್ದವು. ತಪ್ಪಿಲ್ಲದ ಪುಸ್ತಕ ಈ ಕಲಿಯುಗದಲ್ಲಿ ಅಚ್ಚಾಗುವುದಿಲ್ಲ ಎಂಬುದು ಒಂದು. ತಪ್ಪು ಗೊತ್ತಾದ ಮೇಲೆ ತಪ್ಪು-ಒಪ್ಪಿನ ಚೀಟಿ ಅಂಟಿಸದವನು ನರಕಕ್ಕೆ ಹೋಗುತ್ತಾನೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಾನು ಬೇಕಾದಷ್ಟು ಸಾಕ್ಷ್ಯ ಒದಗಿಸಿದೆ.

ಉದಾಹರಣೆಗೆ ಒಂದು ಮದುವೆ ಕಾಗದ. ಒಂದು ಮನೆಯ ಕಾಗದ ಅಚ್ಚಾದ ಮೇಲೆ ಮೊಳೆ ಬಿಚ್ಚದೆ, ಹೆಸರುಗಳನ್ನಷ್ಟೇ ಬದಲಾಯಿಸಿ ಮುಂದಿನ ಮನೆಯದಕ್ಕೆ ಬಳಸುವುದು ನಮ್ಮ ಪದ್ಧತಿ. ನಾನು ವಧುವಿನ ಹೆಸರು ಬದಲಾಯಿಸಿದೆ. ಊಟದ ಗಂಟೆಯಾಯಿತು. ಉಂಡು ಬಂದವನು ವರನದ್ದೂ ಬದಲಾಯಿಸಿದ್ದೇನೆಂದು ತಿಳಿದೆ. ಕೋಟದ ವಧುವಿಗೂ ಹಿಂದಿನ ವಾರ ಮದುವೆಯಾಗಿ ಸುಖವಾಗಿದ್ದ ಒಬ್ಬ ಗೃಹಸ್ಥರಿಗೂ ಲಗ್ನ ನಿಶ್ಚಯವಾಗಿ ಇನ್ನೂರು ಕಾಗದ ಹೊರಟುಹೋದವು. ಚೀಟಿ ಅಂಟಿಸಲು ಆ ಇನ್ನೂರು ಮನೆಗೂ ನನ್ನನ್ನೇ ಕಳುಹಿಸಿದರು. ನೆನಪಿನ ಶಕ್ತಿ ಬೆಳೆಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಹೊಸಬರಿಗೆ ಮುಖ್ಯವಾಗಿ ಹೇಳಬೇಕಾದದ್ದು ಕಣ್ಣಿನ ವಿಷಯ. ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿ ಇರುತ್ತದೆ. ಕಾಗದಕ್ಕೆ ಬಿದ್ದಾಗ ನೇರವಾಗುತ್ತದೆ. ವರ್ಷಗಟ್ಟಲೆ ಮೊಳೆ ಓದಿದವನ ಕಣ್ಣು ಕನ್ನಡಿಯ ಕಣ್ಣಾಗುತ್ತದೆ. ಎಡ ಬಲವಾಗಿ, ಬಲ ಎಡವಾಗಿ ಕಂಡರೆ ಅವನಿಗೆ ಆಶ್ಚರ್ಯವೇ ಆಗುವುದಿಲ್ಲ. ಇದು ಗುಣವೆಂದು ನಾವು ಬೀಗುತ್ತಿದ್ದೆವು.

ಹೀಗಿರುವಾಗ ಹಟ್ಟಿಯಂಗಡಿ ಶಾಲೆಯ ಹೊಳ್ಳ ಮಾಷ್ಟ್ರು ಒಂದು ದಿನ ಕಂಕುಳಲ್ಲಿ ಕಾಗದದ ಕಟ್ಟು ಹಿಡಿದು ಬಂದರು. ತೆಳ್ಳಗಿನ ಆಳು, ಮಾತಿನಲ್ಲಿ ಮಾತ್ರ ತೂಕ. ಬೇರೆ ಬೇರೆ ದೇಶಗಳಲ್ಲಿ ಮಕ್ಕಳು ಹೇಗೆ ಬದುಕುತ್ತಾರೆ, ಯಾವ ಮನೆ, ಯಾವ ಉಡುಪು, ಯಾವ ಊಟ ಎಂದು ತಮ್ಮ ಶಾಲೆಯ ಮಕ್ಕಳಿಗಾಗಿ ಒಂದು ಪುಸ್ತಕ ಬರೆದಿದ್ದರು. ಹಿಮದ ನಾಡು, ಮರಳುಗಾಡು, ಚೀನ, ಆಫ್ರಿಕದ ಕಾಡು, ಇಂಗ್ಲೆಂಡು: ಐದು ಪಾಠ.

"ಎಂತಕ್ಕೆ ಇದು, ಮಾಷ್ಟ್ರೇ?" ಎಂದು ಶೆಣೈಯವರು ಕೇಳಿದರು.

"ಸಮುದ್ರದ ಆಚೆಗೆ ಯಾರ್ ಇದ್ರ್ ಅಂತ ಮಕ್ಕಳ ಹತ್ರ ಕೇಂಡೆ. ಒಬ್ಬ ರಾಕ್ಷಸರು ಅಂದ. ಮತ್ತೊಬ್ಬ ಬೊಂಬಾಯಿಯವ್ರು ಅಂದ. ಉಳ್ದವ್ರಿಗೆ ಎರಡೂ ಒಂದೇ ಅಂಬ್ರ್."

ಮಾಷ್ಟ್ರು ಸ್ವತಃ ಉತ್ತರಕ್ಕೆ ಭಟ್ಕಳ, ದಕ್ಷಿಣಕ್ಕೆ ಮಂಗಳೂರು ದಾಟಿದವರಲ್ಲ. ಎರಡೂ ಕಡೆ ಊಟ ಒಗ್ಗದೆ ಮರುದಿನವೇ ಹಿಂದಿರುಗಿದ್ದರಂತೆ. ಆದರೆ ನಾಲ್ಕು ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ಶ್ರದ್ಧೆಯಿಂದ ಓದಿದ್ದರು. ಬರೆದದ್ದು ಚೆನ್ನಾಗಿತ್ತು. ಯಾರನ್ನೂ ಕಾಡುಜನ ಎಂದಿರಲಿಲ್ಲ. ಮೊಳೆ ಜೋಡಿಸುತ್ತ ಜೋಡಿಸುತ್ತ ನಾನೇ ಎರಡು ಸಲ ಕೈ ನಿಲ್ಲಿಸಿ ಓದಿದೆ. ನನ್ನ ವೃತ್ತಿಯಲ್ಲಿ ಅದು ಅಪರಾಧ.

ತೊಡಕಾದದ್ದು ಚಿತ್ರಗಳಿಗೆ. ಯುದ್ಧದ ದಿನಗಳಲ್ಲಿ ಮಂಗಳೂರಿನಿಂದ ಲೋಹದ ಬ್ಲಾಕು ಮಾಡಿಸಿ ತರಿಸುವುದು ಆಗದ ಮಾತು. ಶೆಣೈಯವರು ಮರದಲ್ಲಿ ಕೆತ್ತಿಸೋಣ ಎಂದರು. ನಾಗಪ್ಪ ಆಚಾರ್ರನ್ನು ಕರೆಸಿದೆವು. ಅವರು ಮನೆ ಕಟ್ಟುವವರು, ಬಾಗಿಲ ದಾರಂದ ಕೆತ್ತುವವರು, ಬಿಡುವಾದಾಗ ಯಕ್ಷಗಾನದ ಮೇಳಗಳಿಗೆ ಕಿರೀಟ, ಭುಜಕೀರ್ತಿ ಮಾಡಿಕೊಡುವವರು. ಅಚ್ಚಿನ ಬ್ಲಾಕು ಮಾತ್ರ ಜನ್ಮದಲ್ಲಿ ಮಾಡಿದವರಲ್ಲ.

ಹಲಸಿನ ತುಂಡನ್ನು ಮುಂದಿಟ್ಟುಕೊಂಡು ಆಚಾರ್ರು ಮೊದಲ ಪ್ರಶ್ನೆ ಹಾಕಿದರು.

"ಈ ಹಿಮದ ಮನೆಗೆ ಬಾಗ್ಲ್ ಯಾವ ದಿಕ್ಕಿಗೆ, ಮಾಷ್ಟ್ರೇ?"

"ಅದೆಲ್ಲ ಪುಸ್ತಕದಗೆ ಇಲ್ಲೆ ಆಚಾರ್ರೇ. ಒಂದ್ ಗುಮ್ಮಟ, ಅದಕ್ಕೊಂದ್ ತೂತು. ಅಷ್ಟ್ ಕೆತ್ತಿ, ಸಾಕ್."

"ತೂತ್ ಯಾವ ದಿಕ್ಕಿಗೆ?"

"ಯಾವ ದಿಕ್ಕಾದ್ರೆ ಎಂತ? ನಾವೇನ್ ಅದ್ರಗೆ ಒಕ್ಕಲ್ ಹೋಪುದಾ?"

"ನೀವ್ ಹೋಪುದಿಲ್ಲ. ಒಳ್ಗೆ ಮಕ್ಕಳ್ ಇದ್ದೋ ಅಂದ್ರಿ. ದಿಕ್ಕ್ ಗೊತ್ತಿಲ್ದೆ ನಾನ್ ಯಾರ ಮನೆಯೂ ಕಟ್ಟೂದಿಲ್ಲ. ಕಾಗದದ ಮನೆಯಾದ್ರೂ ಮನೆಯೇ."

ಉಳಿಯನ್ನು ಚೀಲದೊಳಗೆ ಹಾಕಿ ಎದ್ದೇಬಿಟ್ಟರು. ಮಾಷ್ಟ್ರು ಮುಖ ಕೆಂಪಗೆ ಮಾಡಿಕೊಂಡು ಹೊಳೆದಂಡೆಯ ತಮ್ಮೂರಿಗೆ ದೋಣಿ ಹತ್ತಿದರು. ಆದರೆ ಮನುಷ್ಯ ಪ್ರಾಮಾಣಿಕ. ಒಂದು ವಾರ ಹಳೆಯ ಪುಸ್ತಕಗಳನ್ನೆಲ್ಲ ಮತ್ತೆ ತಡಕಿ ಉತ್ತರ ಹುಡುಕಿ ತಂದರು. ಗಾಳಿ ಯಾವ ಕಡೆಯಿಂದ ಬೀಸುತ್ತದೆಯೋ ಅದಕ್ಕೆ ಬೆನ್ನುಕೊಟ್ಟು ಬಾಗಿಲು ಇಡುತ್ತಾರಂತೆ.

"ಗಾಳಿಗೆ ಬೆನ್ನ್ ಹಾಕ್ತ್ರಾ? ಹಂಗಾರೆ ಬುದ್ಧಿ ಇಪ್ಪವ್ರೇ" ಎಂದು ಆಚಾರ್ರು ಆ ಜನಾಂಗಕ್ಕೆ ಪ್ರಮಾಣಪತ್ರ ಕೊಟ್ಟರು. "ಇನ್ನ್ ಒಲೆ ಎಲ್ಲಿ? ಉಂಬುಕೆ ಕೂಕಂಬುದ್ ಎಲ್ಲಿ? ಮೊದ್ಲ್ ಬಡ್ಸೂದ್ ಮಕ್ಕಳಿಗಾ, ಗಂಡಸ್ರಿಗಾ?"

"ಅದೂ ಬೇಕಾ?"

"ಉಂಬುದ್ ಕಾಣ್ದೆ ಮನೆ ಗೊತ್ತಾತಿಲ್ಲೆ, ಮಾಷ್ಟ್ರೇ."

ಮಾಷ್ಟ್ರು ಇನ್ನೊಂದು ತಿಂಗಳು ಕುಳಿತು ಐದೂ ಪಾಠಗಳನ್ನು ತಿದ್ದಿದರು. ಪ್ರತಿಯೊಂದಕ್ಕೂ ಮನೆಯೊಳಗಿನ ಊಟದ ಸಂಗತಿ ಸೇರಿತು. ಮರಳುಗಾಡಿನಲ್ಲಿ ಒಂದೇ ಹರಿವಾಣದ ಸುತ್ತ ಕುಳಿತು ಉಣ್ಣುತ್ತಾರೆ, ಅತಿಥಿಗೆ ಮೊದಲು. ಚೀನದಲ್ಲಿ ಎರಡು ಕಡ್ಡಿಗಳಿಂದ ಅನ್ನ ಎತ್ತುತ್ತಾರೆ. ಹೊರಗಿನಿಂದ ನೋಡಿ ಬರೆದ ಪುಸ್ತಕಕ್ಕೆ ಹೀಗೆ ಒಳಬಾಗಿಲು ತೆರೆಯಿತು. ಇಂಗ್ಲಿಷ್ ಗ್ರಂಥಕರ್ತರಿಗೆ ಹೊಳೆಯದ ಪ್ರಶ್ನೆಗಳು ಬಡಗಿಗೆ ಹೊಳೆದವು. ಬ್ಲಾಕುಗಳೂ ಹಾಗೆಯೇ ಬಂದವು: ಐದೂ ಚಿತ್ರಗಳಲ್ಲಿ ಮಕ್ಕಳು ಉಣ್ಣುತ್ತಿದ್ದಾರೆ. ಚೀನದ ಮಗುವಿನ ನಿಲುವಿನಲ್ಲಿ ಸ್ವಲ್ಪ ಬಡಗುತಿಟ್ಟಿನ ಯಕ್ಷಗಾನದ ಗತ್ತು ಇತ್ತು. ಅದನ್ನು ನಾವು ಯಾರೂ ಆಕ್ಷೇಪಿಸಲಿಲ್ಲ.

ಐನೂರು ಪ್ರತಿ ಅಚ್ಚಾಯಿತು. ಬೈಂದೂರು, ಕೋಟ, ಬ್ರಹ್ಮಾವರದ ಶಾಲೆಗಳಿಗೆ ಹೋಯಿತು. ಹಟ್ಟಿಯಂಗಡಿಗೆ ನಲವತ್ತು ಪ್ರತಿಗಳನ್ನು ಮಾಷ್ಟ್ರೇ ದೋಣಿಯಲ್ಲಿ ಕೊಂಡುಹೋದರು. ಹದಿನೈದು ದಿನ ಎಲ್ಲರೂ ಸುಖವಾಗಿದ್ದೆವು.

ಹದಿನಾರನೆಯ ದಿನ ಸಾಲಿಗ್ರಾಮದ ಹಿರಿಯರೊಬ್ಬರಿಂದ ಒಂದು ಕಾರ್ಡು ಬಂತು. "ಮಹಾಶಯರೇ, ಸಮಸ್ತ ಭೂಮಂಡಲದ ಜನರೂ ಎಡಗೈಯಲ್ಲಿ ಉಣ್ಣುವರೆಂದು ತಮ್ಮ ಪುಸ್ತಕದಿಂದ ತಿಳಿದು ವಿಸ್ಮಯವಾಯಿತು. ಬಲಗೈಯಲ್ಲಿ ಉಣ್ಣುವವರು ನಾವು ಮಾತ್ರವೋ? ನಾವೂ ಬದಲಾಯಿಸತಕ್ಕದ್ದೋ? ಬರುವ ಸಂತರ್ಪಣೆಯ ಒಳಗಾಗಿ ತಿಳಿಸುವುದು."

ಶೆಣೈಯವರು ಕಾರ್ಡನ್ನು ನನ್ನ ಕೈಗೆ ಕೊಟ್ಟರು. ಪುಸ್ತಕ ತೆರೆದೆ. ಹಿಮದ ನಾಡಿನ ಮಗು ಎಡಗೈಯಲ್ಲಿ ಮಾಂಸ ಹಿಡಿದಿತ್ತು. ಮರಳುಗಾಡಿನಲ್ಲಿ ಹರಿವಾಣದ ಸುತ್ತ ಏಳು ಎಡಗೈ. ಚೀನದ ಕಡ್ಡಿ ಎಡಗೈಯಲ್ಲಿ, ಆಫ್ರಿಕದ ತುತ್ತೂ ಎಡಗೈಯಲ್ಲಿ. ಇಂಗ್ಲೆಂಡಿನ ಕ್ರಮದಂತೆ ಎಡಗೈಯಲ್ಲಿ ಮುಳ್ಳುಚಮಚ ಹಿಡಿಯಬೇಕಾದ ಏಕೈಕ ಮಗುವಿತ್ತಲ್ಲ, ಅದು ಮಾತ್ರ ಬಲಗೈಯಲ್ಲಿ ಹಿಡಿದು ಕುಳಿತಿತ್ತು.

ನಡೆದದ್ದು ಇಷ್ಟೇ. ಆಚಾರ್ರು ಬಾಗಿಲ ಮೇಲೆ ಕೆತ್ತುವಂತೆ ನೇರವಾಗಿ ಕೆತ್ತಿದ್ದರು. ಕಾಗದಕ್ಕೆ ಬಿದ್ದಾಗ ತಿರುಗಿತು. ತಿರುಗಿಸಿ ಕೆತ್ತಬೇಕೆಂದು ಹೇಳಬೇಕಾದವನು ನಾನು. ಬ್ಲಾಕು ನೋಡುವಾಗ ನನಗೆ ಸರಿಯಾಗಿಯೇ ಕಂಡಿತ್ತು. ಪ್ರೂಫು ನೋಡುವಾಗ ಅಕ್ಷರ ಮಾತ್ರ ನೋಡಿದ್ದೆ. ಕನ್ನಡಿಯ ಕಣ್ಣಿನ ಗರ್ವ ಅಲ್ಲಿಗೆ ಇಳಿಯಿತು.

"ಸೂರಣ್ಣ, ಎಷ್ಟ್ ಮಂದಿಯ ಕೈ ಬದ್ಲ್ ಮಾಡಿದೆ ಮಾರಾಯ" ಎಂದರು ಶೆಣೈಯವರು, ಬೈಯುವವರಂತಲ್ಲ, ಲೆಕ್ಕ ತಪ್ಪಿದವರಂತೆ. "ಚೀಟಿ ಜೋಡ್ಸ್."

ಚೀಟಿ ಹೀಗಿತ್ತು: "ಈ ಪುಸ್ತಕದ ಚಿತ್ರಗಳಲ್ಲಿ ಬಲಗೈ ಎಡಗೈಯಾಗಿ ಅಚ್ಚಾಗಿದೆ. ಇದು ಅಚ್ಚಿನ ದೋಷ. ಸರಿಯಾದ ಕೈ ಬಲಗೈ ಎಂದು ತಿಳಿಯುವುದು." ಕೂವೆ ಹಿಟ್ಟಿನ ಅಂಟು ಕುದಿಸಿ, ಹುಳ ಹಿಡಿಯದಂತೆ ಮೈಲುತುತ್ತು ಹಾಕಿ, ಡಬ್ಬಿಯಲ್ಲಿ ತುಂಬಿ ನಾನು ಹೊರಟೆ.

ಮೊದಲು ಬೈಂದೂರು. ಇದ್ದಿಲ ಗ್ಯಾಸಿನ ಬಸ್ಸು ಏರಿನಲ್ಲೆಲ್ಲ ನಿಂತು ಉಸಿರು ತೆಗೆದುಕೊಳ್ಳುತ್ತಿತ್ತು. ನಾವೂ ಇಳಿದು ಅದಕ್ಕೆ ಬಿಡುವು ಕೊಡುತ್ತಿದ್ದೆವು. ಅಲ್ಲಿಯ ಮಕ್ಕಳಿಗೆ ಈ ತಪ್ಪಿನಿಂದ ಯಾವ ತೊಂದರೆಯೂ ಆಗಿರಲಿಲ್ಲ. ಭೂಮಿ ಗುಂಡಗಿದೆ, ಅವರು ಆಚೆ ಬದಿಯಲ್ಲಿದ್ದಾರೆ, ಆದ್ದರಿಂದ ಎಡಬಲ ತಿರುಗಿದೆ ಎಂದು ತಾವೇ ತೀರ್ಮಾನಿಸಿದ್ದರು. ಅಂಥ ಚಂದದ ಸಿದ್ಧಾಂತದ ಮೇಲೆ ಚೀಟಿ ಅಂಟಿಸಿ ಬಂದೆ.

ಮರುದಿನ ಹೊಳೆಗೆ ಏರುವ ಸಮುದ್ರದ ಭರತದ ನೀರಿನ ಜತೆ ದೋಣಿಯಲ್ಲಿ ಹಟ್ಟಿಯಂಗಡಿಗೆ ಹೋದೆ. ಹೊಳ್ಳ ಮಾಷ್ಟ್ರು ನಾನು ಕೊಟ್ಟ ಚೀಟಿ ಓದಿ ಏಕೋ ಸಂತೋಷಪಡಲಿಲ್ಲ. ಶಾಲೆಯ ನೆಲದ ಮೇಲೆ ಮಕ್ಕಳು ಸಾಲಾಗಿ ಕುಳಿತು ಬರೆಯುತ್ತಿದ್ದರು. ಮೂರನೆಯ ಸಾಲಿನಲ್ಲಿ ಒಬ್ಬ ಹುಡುಗಿ, ಹತ್ತು ವರ್ಷ ಇದ್ದೀತು, ಸ್ಲೇಟಿನ ಮೇಲೆ ಎಡಗೈಯಲ್ಲಿ ಬರೆಯುತ್ತಿದ್ದಳು. ಅಕ್ಷರ ದುಂಡಗೆ, ಸಾಲು ನೆಟ್ಟಗೆ. ಆ ಕೈಯ ಮಣಿಕಟ್ಟಿನ ಸುತ್ತ ಬಳೆಯಿರಲಿಲ್ಲ. ಬಳೆಯಷ್ಟೇ ಅಗಲದ ಒಂದು ಗುರುತಿತ್ತು.

ಮಾಷ್ಟ್ರು ನನ್ನನ್ನು ಹೊರಗಿನ ಕಟ್ಟೆಗೆ ಕರೆದುಕೊಂಡು ಹೋದರು.

"ಆ ಹೆಣ್ಣ್ ಗಿರಿಜೆ. ಎಡ್ಚಿ. ಎರಡ್ ವರ್ಷ ಬಾಳೆನಾರಲ್ಲ್ ಅದ್ರ ಕೈ ಬೆನ್ನ ಹಿಂದೆ ಕಟ್ಟಿದವ ನಾನೇ. ಅಜ್ಜಿ ಅಕ್ಕಣಿ ಶೆಡ್ತಿ ಹೇಳಿದ್ರ್, ನಾನ್ ಕಟ್ಟಿದೆ. ಬಲಗೈಯಲ್ಲ್ ಬರ್ದ್ರೆ ಏಡಿ ನಡ್ದಾಂಗೆ. ಎರಡ್ ಸಲ ಒಂದೇ ಕ್ಲಾಸಿಗೆ ಕೂತಿತ್. ಈ ಸಲವೂ ಪಾಸಾಗ್ದಿದ್ರೆ ಶಾಲೆ ಬಿಡ್ಸೂದೇ ಅಂತ ಅಜ್ಜಿ ಹೇಳಿದ್ರ್. ಪರೀಕ್ಷೆಗೆ ಇನ್ನ್ ಮೂರ್ ವಾರ."

"ಮತ್ತೆ ಈಗ?"

ಮಾಷ್ಟ್ರು ನದಿಯ ಕಡೆ ನೋಡಿದರು. "ಪುಸ್ತಕ ಕೊಟ್ಟ ದಿನ ಕೈ ಕಟ್ಟೂಕೆ ಹ್ವಾದೆ. ಅದ್ ಪುಸ್ತಕ ಬಿಡ್ಸಿ ನನ್ನ ಮುಂದೆ ಹಿಡೀತ್. 'ಲೋಕದವ್ರೆಲ್ಲ ಈ ಕೈಯೇ ಅಲ್ದಾ ಮಾಷ್ಟ್ರೇ? ನೀವೇ ಬರ್ದದ್' ಅಂತ. ನಾಕ್ ಕ್ಲಾಸಿನ ಮಕ್ಕಳೆಲ್ಲ ನನ್ನ ಬಾಯಿ ಕಾಂತಿದ್ರ್. ನನ್ನ ಪುಸ್ತಕ ತಪ್ಪು ಅಂತ ಹ್ಯಾಂಗ್ ಹೇಳುದ್? ನಾರ್ ಬಿಸಾಡಿದೆ. ಪುಸ್ತಕ ಮನೆಗೂ ತಕಂಡ್ ಹೋಯಿ ಅಜ್ಜಿಗ್ ತೋರ್ಸಿತ್. ಲೋಕವೇ ಹಾಂಗಿದ್ರೆ ನಾ ಎಂತ ಹೇಳುದ್ ಅಂತ ಅವ್ರೂ ಸುಮ್ನಾದ್ರ್."

"ಈಗ ಚೀಟಿ ಅಂಟ್ಸಿದ್ರೆ?"

"ಅಜ್ಜಿ ನಾಳೆ ಬೆಳಿಗ್ಗೆ ನಾರ್ ಹಿಡ್ಕಂಡ್ ಬತ್ರ್. ನಾನ್ ಕಟ್ಟೂದಿಲ್ಲ ಅಂದ್ರೆ ಮನೆಯಲ್ಲೇ ನಿಲ್ಸ್ತ್ರ್." ನನ್ನ ಚೀಲದ ಕಡೆ ನೋಡಿ, "ಆದ್ರೆ ಸುಳ್ಳಿನ ಪುಸ್ತಕ ಇಟ್ಕಂಡ್ ಪಾಠ ಮಾಡೂದೂ ಹ್ಯಾಂಗೆ, ಸೂರಣ್ಣ?" ಎಂದರು.

ಗಂಟೆ ಹೊಡೆದು ಮಕ್ಕಳು ಹೊರಗೆ ಬಂದರು. ಗಿರಿಜೆ ನನ್ನ ಚೀಲವನ್ನು ನೋಡಿ ಹತ್ತಿರ ಬಂದು ನಿಂತಳು.

"ಎಂತ ಚೀಟಿ ಅದು? ನಮ್ಮ ಪುಸ್ತಕಕ್ಕಾ?"

ಮೊಳೆ ಜೋಡಿಸುವವನಿಗೆ ಹುಬ್ಬು ಅಲುಗಿಸದೆ ಸುಳ್ಳು ಹೇಳುವ ಅಭ್ಯಾಸವಿರುತ್ತದೆ. ನಾಳೆ ಆಗುತ್ತದೆ ಎಂದು ದಿನಾ ಗಿರಾಕಿಗಳಿಗೆ ಹೇಳಿ ಬಂದದ್ದು. "ಹೌದ್ ಮಗಾ. ಆದ್ರೆ ಅಂಟ್ ಹಳ್ಸಿತ್. ಮತ್ತೊಂದ್ ದಿನ ಬತ್ತೆ" ಎಂದೆ. ಅಂಟು ಚೆನ್ನಾಗಿಯೇ ಇತ್ತು.

ದೋಣಿಯಲ್ಲಿ ಹಿಂದಿರುಗುವಾಗ ಚೀಟಿಯ ಕೊನೆಯ ವಾಕ್ಯ ನೋಡಿದೆ. ಸರಿಯಾದ ಕೈ ಬಲಗೈ. ಆ ವಾಕ್ಯ ಜೋಡಿಸಿದವನು ನಾನು. ಯಾರೂ ಹೇಳಿ ಬರೆಸಿದ್ದಲ್ಲ. ಚಿತ್ರದಲ್ಲಿ ಮಾಡಿದ್ದು ಕಣ್ಣಿನ ತಪ್ಪು. ಇದು ಬುದ್ಧಿಯ ತಪ್ಪು. ಆಚಾರ್ರ ಮನೆ ದಾರಿಯಲ್ಲೇ ಇದ್ದುದರಿಂದ ಇಳಿದೆ.

"ಆಚಾರ್ರೇ, ಎಡಗೈಯವ್ರ್ ಎಲ್ಲ ದೇಶದಗೂ ಇಪ್ಪುದಾ?"

"ದೇಶ ನಂಗೊತ್ತಿಲ್ಲ. ನಮ್ಮ ಕೇರಿಯಂಗೆ ಮೂರ್ ಜನ ಇದ್ರ್. ಅದ್ರಗೆ ಒಬ್ಬ ನನ್ನಕಿಂತ ಚಂದ ಕೆತ್ತುತ್ತ. ಉಳಿ ಯಾವ ಕೈಯಗಿತ್ ಅಂತ ಮರಕ್ಕ್ ಗೊತ್ತಾತಿಲ್ಲೆ." ನಂತರ ಎಂದಿನಂತೆ ಅವರದೇ ಒಂದು ಪ್ರಶ್ನೆ: "ಮಕ್ಕಳ್ ಇಪ್ಪಲ್ಲೆಲ್ಲ ಅವ್ರೂ ಇಪ್ಪುದೇ ಅಲ್ದಾ?"

ಶೆಣೈಯವರ ಮುಂದೆ ಹೋಗಿ ಚೀಟಿ ಬದಲಾಯಿಸಬೇಕೆಂದೆ. ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದರು.

"ಚೀಟಿ ಇಪ್ಪುದ್ ತಪ್ಪ್ ಒಪ್ಪೂಕೆ. ಬುದ್ಧಿ ಹೇಳೂಕಲ್ಲ."

"ಬುದ್ಧಿ ಅಲ್ಲ. ಚೀಟಿಯಂಗೂ ಒಂದ್ ತಪ್ಪಿತ್ತ್. ಅದ್ ಒಪ್ಪುದ್."

ಇದು ಅವರ ಎರಡನೆಯ ನಂಬಿಕೆಗೇ ಹೋಗಿ ತಗುಲಿತು. ಕನ್ನಡಕ ಮತ್ತೆ ಹಾಕಿಕೊಂಡು, "ಅದೇ ಅಳತೆ ಕಾಗದದಗೆ ಹಿಡಿಯೂದಾದ್ರೆ ಮಾಡ್. ಒಂದ್ ಬೆರಳ್ ಹೆಚ್ಚ್ ಕಾಗದ ಕೊಡೂದಿಲ್ಲ" ಎಂದರು. ಯುದ್ಧದ ಕಾಲ, ಕಾಗದಕ್ಕೆ ಇದ್ದ ಮರ್ಯಾದೆ ಮನುಷ್ಯರಿಗೆ ಇರಲಿಲ್ಲ.

ಇಡೀ ಮಧ್ಯಾಹ್ನ ಆ ನಾಲ್ಕು ಬೆರಳ ಜಾಗದಲ್ಲಿ ಹೆಣಗಿದೆ. ದೊಡ್ಡ ದೊಡ್ಡ ಮಾತುಗಳು ಬಂದವು. ಜಾಗ ಸಾಲದೆ ಹೋದವು. ಹೊಸಬರೇ, ಒಳ್ಳೆಯ ವಾಕ್ಯ ಬರೆಯಲು ಯಾರಾದರೂ ಉಪಾಯ ಕೇಳಿದರೆ ಕಾಗದ ಕಡಿಮೆ ಕೊಡಿ. ಕೊನೆಗೆ ಉಳಿದದ್ದು ಇಷ್ಟು: "ಈ ಚಿತ್ರಗಳಲ್ಲಿ ಬಲಗೈ ಎಡಗೈಯಾಗಿ ಅಚ್ಚಾಗಿದೆ. ಇದು ನಮ್ಮ ತಪ್ಪು. ಎಡಗೈಯಲ್ಲೇ ಕೆಲಸ ಮಾಡುವ ಮಕ್ಕಳೂ ಎಲ್ಲ ದೇಶಗಳಲ್ಲಿ ಇದ್ದಾರೆ. ಅದು ಯಾರ ತಪ್ಪೂ ಅಲ್ಲ."

ಬೈಂದೂರಿಗೆ ಮತ್ತೆ ಹೋಗಿ ಹಳೆಯ ಚೀಟಿಯ ಮೇಲೆ ಹೊಸತನ್ನು ಅಂಟಿಸಿದೆ. "ತಪ್ಪಿಗೆ ತಪ್ಪಾ?" ಎಂದು ಅಲ್ಲಿಯ ಮಾಷ್ಟ್ರು ಕೇಳಿದರು. ಹೌದೆಂದೆ.

ಹಟ್ಟಿಯಂಗಡಿಗೆ ಹೋಗುವ ಹೊತ್ತಿಗೆ ಸುದ್ದಿ ನನಗಿಂತ ಮುಂದೆ ದೋಣಿ ಹತ್ತಿತ್ತು. ಶಾಲೆಯ ಮೆಟ್ಟಿಲಿನ ಮೇಲೆ ಅಕ್ಕಣಿ ಶೆಡ್ತಿ ಕುಳಿತಿದ್ದರು. ಬಿಳಿಯ ತಲೆ, ಬಾಯಲ್ಲಿ ಎಲೆಯಡಿಕೆ, ಮಡಿಲಲ್ಲಿ ಸುತ್ತಿಟ್ಟ ಒಂದು ಹೊಸ ಬಾಳೆನಾರು.

"ಹ್ವಾಯ್, ಪ್ರೆಸ್ಸಿನವ್ರೇ. ಚಿತ್ರ ತಪ್ಪಂಬ್ರಲೆ?"

"ತಪ್ಪೇ, ಶೆಡ್ತೀರೇ. ನಂದೇ ತಪ್ಪು."

"ಹಂಗಾರೆ ನಾನೇ ಸರಿ ಅಂತಾಯ್ತ್. ಎಡಗೈ ಹೆಣ್ಣನ್ನ ನಾಳೆ ಯಾರ್ ಮದಿ ಆತ್ರ್? ಬಂದವ್ರಿಗೆ ಎಡಗೈಯಲ್ಲ್ ಬಡ್ಸಿದ್ರೆ ಯಾರ್ ಉಂತ್ರ್?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮೊಮ್ಮಗಳ ಮುಂದಿನ ದಿನಗಳನ್ನೆಲ್ಲ ಆಗಲೇ ನೋಡಿ ಬಂದವರ ದಣಿವಿತ್ತು.

ಚೀಟಿಯೊಂದನ್ನು ಹೊಳ್ಳ ಮಾಷ್ಟ್ರ ಕೈಗೆ ಕೊಟ್ಟೆ. ಅವರು ಮನಸ್ಸಿನಲ್ಲೇ ಓದಿಕೊಂಡರು. ಇನ್ನೊಮ್ಮೆ ಓದಿದರು. ಆಮೇಲೆ, "ಗಿರಿಜಾ, ಬಾ. ಇದನ್ನ ಅಜ್ಜಿಗ್ ಕೇಂಬ್ಹಾಂಗೆ ಓದ್" ಎಂದರು.

ಗಿರಿಜೆ ಓದಿದಳು. "ಇದು ನಮ್ಮ ತಪ್ಪು" ಎನ್ನುವಲ್ಲಿ ದನಿ ಇಳಿಯಿತು. ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಮುಂದಿನ ಸಾಲಿನಲ್ಲಿ ಓದು ತಡವರಿಸಿತು. ಒಂದೊಂದೇ ಪದ ಹಿಡಿದು ಕೊನೆಯವರೆಗೆ ಓದಿ, ಚೀಟಿಯಿಂದ ಕಣ್ಣೆತ್ತದೆ ನಿಂತಳು.

"ಕಡೇದ್ ಇನ್ನೊಂದ್ ಸಲ ಓದ್" ಎಂದರು ಅಜ್ಜಿ.

"ಅದು ಯಾರ ತಪ್ಪೂ ಅಲ್ಲ."

ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಅಂಗಳಕ್ಕೆ ಉಗುಳಿ ಬಂದರು. ತೀರ್ಪಿಗೆ ಮೊದಲು ನ್ಯಾಯಾಧೀಶರು ಕನ್ನಡಕ ಒರೆಸುವುದನ್ನು ಕಂಡಿದ್ದೇನೆ; ಅದಕ್ಕಿಂತ ಗಂಭೀರವಾಗಿತ್ತು.

"ಅಚ್ಚಾಯ್ತ್ ಅಂದ್ಮೇಲೆ ಸುಳ್ಳಾಪುಕಾಗ. ಮಾಷ್ಟ್ರೇ, ಕೇಣಿ. ಉಂಬುದ್ ಬಲಗೈಯಲ್ಲೇ. ಬಡ್ಸೂದೂ ಬಲಗೈಯಲ್ಲೇ. ಅದ್ ನಮ್ಮ ಮನೆ ಕ್ರಮ. ಬರಿಯೂಕೆ ಯಾವ ಕೈ ಆದ್ರೂ ಅಡ್ಡಿಲ್ಲ. ಸ್ಲೇಟ್ ಎಂಜಲಾತಿಲ್ಲೆ."

ಮಡಿಲಿನ ನಾರು ತೆಗೆದು ನನ್ನ ಕೈಗೆ ಕೊಟ್ಟು, ಚೀಟಿಯ ಕಟ್ಟು ಕಟ್ಟಲು ಬೇಕಾದೀತು ಎಂದರು. ಅಷ್ಟು ಗಟ್ಟಿ ನಾರನ್ನು ಸುಮ್ಮನೆ ಬಿಸಾಡುವವರಲ್ಲ.

ನಲವತ್ತು ಪುಸ್ತಕಗಳನ್ನು ನೆಲದ ಮೇಲೆ ಹರಡಿದೆವು. ನಾನು ಅಂಟಿನ ಡಬ್ಬಿ ತೆರೆದು ಮೊದಲ ಚೀಟಿ ಅಂಟಿಸಿದೆ. ಎಂದಿನಂತೆ ಸ್ವಲ್ಪ ಓರೆಯಾಯಿತು. ಗಿರಿಜೆ ನೋಡುವಷ್ಟು ನೋಡಿ, ನನ್ನ ಕೈಯಿಂದ ಕುಂಚ ತೆಗೆದುಕೊಂಡಳು, ಎಡಗೈಯಲ್ಲಿ. ಉಳಿದ ಮೂವತ್ತೊಂಬತ್ತನ್ನೂ ಅವಳೇ ಅಂಟಿಸಿದಳು. ಒಂದೂ ಓರೆಯಾಗಲಿಲ್ಲ.